ಮೈನ್‌ಕ್ರಾಫ್ಟ್ ಸರ್ವರ್‌ಗಳು ಕ್ಲಸ್ಟರ್ ಒಳಗೆ ತಮ್ಮ ಹೆಸರು ತಾವೇ ಹೇಳ್ಕೊಳ್ಳೋ ಹಾಗೆ ಮಾಡೋದು

ಮನೇಲಿ ಒಂದೇ ಒಂದು ಮೈನ್‌ಕ್ರಾಫ್ಟ್ ಸರ್ವರ್ ಇದ್ದಾಗ ಏನೂ ತೊಂದ್ರೆ ಇಲ್ಲ, ಪೋರ್ಟ್ 25565, ವೈಫೈ ರೂಟರಲ್ಲಿ ಒಂದು ಪೋರ್ಟ್ ಫಾರ್ವರ್ಡ್, ಆಯ್ತು. ಎರಡನೇದು ಬಂದಾಗ ಅದಕ್ಕೆ 25566, ಮೂರನೇದಕ್ಕೆ 25567, ಆಮೇಲೆ ಅಕ್ಕನ ಮಗ ಮಾಡ್ಸ್ ಇರೋ ಸರ್ವರ್ ಬೇಕು ಅಂತಾನೆ, ಅವನ ಫ್ರೆಂಡ್ಸಿಗೆ ಕ್ರಿಯೇಟಿವ್ ಬೇಕಂತೆ, ಅಷ್ಟೊತ್ತಿಗೆ ಯಾವ ಪೋರ್ಟಲ್ಲಿ ಯಾವ ವರ್ಲ್ಡ್ ಇದೆ ಅಂತ ವಾಟ್ಸಾಪ್ ಗ್ರೂಪಲ್ಲಿ ಪಿನ್ ಮಾಡಿ ಇಡ್ಬೇಕಾಗತ್ತೆ. ನನ್ನ ಹತ್ರ ಆ ಪಟ್ಟಿ ಮೂರು ಕಡೆ ಇತ್ತು, ಗ್ರೂಪಲ್ಲಿ ಒಂದು, ವೈಫೈ ರೂಟರ್ ಸೆಟ್ಟಿಂಗಲ್ಲಿ ಒಂದು, ಯಾಮಲ್ ಅನ್ನೋ ಸೆಟ್ಟಿಂಗ್ ಫೈಲಲ್ಲಿ ಒಂದು, ಮೂರೂ ಬೇರೆ ಬೇರೆ ಹೇಳ್ತಿದ್ವು. ಪಟ್ಟಿ ಕೈಯಲ್ಲಿ ಬರೆಯೋದನ್ನೇ ಬಿಟ್ಟು, ಸರ್ವರ್ ಹುಟ್ಟಿದ ಕೂಡ್ಲೇ ತನ್ನ ಹೆಸರು ತಾನೇ ಹೇಳ್ಕೊಳ್ಳೋ ಹಾಗೆ ಮಾಡಿದ್ಮೇಲೇನೇ ನನಗೆ ನೆಮ್ಮದಿ ಸಿಕ್ಕಿದ್ದು. ಅದನ್ನ ಹೇಗೆ ಮಾಡೋದು ಅಂತ ಇಲ್ಲಿ ಬರೀತಿದೀನಿ. ಇದೆಲ್ಲ ಓಡೋದು ಕುಬರ್ನೆಟಿಸ್ ಕ್ಲಸ್ಟರಲ್ಲಿ, ಅಂದ್ರೆ ಒಂದಷ್ಟು ಮಷೀನ್ ಸೇರಿಸಿ ಅದರ ಮೇಲೆ ಕಂಟೈನರ್ ನಡೆಸೋ ವ್ಯವಸ್ಥೆ, ಅಲ್ಲಿ ಕಂಟೈನರ್ ಓಡೋ ಘಟಕಕ್ಕೆ ಪಾಡ್ ಅಂತಾರೆ. ಕುಬರ್ನೆಟಿಸ್ ಅಂದ್ರೆ ಏನು, ಪಾಡ್ ಅಂದ್ರೆ ಏನು ಅನ್ನೋದು ಸ್ವಲ್ಪ ಗೊತ್ತಿದೆ ಅಂದ್ಕೋತೀನಿ, ಒಂದೆರಡು ಡಿಪ್ಲಾಯ್ಮೆಂಟ್ ಮಾಡಿರೋರಿಗೆ ಆರಾಮಾಗಿ ಅರ್ಥ ಆಗತ್ತೆ.

ಒಂದು ಮಾತು ಮೊದಲೇ. ಕೆಳಗೆ ಸೆಟ್ಟಿಂಗ್ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಬರೆದಿದೀನಿ, ಫೈಲಲ್ಲಿ ಹಾಕುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಮುಂದೆ ಹೇಳೋ ಎಂಸಿ-ರೂಟರ್, ಮೈನ್‌ಕ್ರಾಫ್ಟ್-ಸರ್ವರ್ ಪ್ರಾಜೆಕ್ಟುಗಳ ರೀಡ್‌ಮಿ ಇಂದಾನೇ ಕಾಪಿ ಮಾಡ್ಕೊಳ್ಳಿ, ಕೈಯಲ್ಲಿ ಟೈಪ್ ಮಾಡ್ಬೇಡಿ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಇದು ಯಾಕೆ ಸಾಧ್ಯ ಅಂತ ಮೊದಲು ನೋಡಿ

ನಮ್ಮ ಕಡೆ ಹಳೇ ವಠಾರ ನೋಡಿರ್ತೀರಲ್ಲ, ರಸ್ತೆಗೆ ಒಂದೇ ಗೇಟು, ಒಳಗೆ ಎಂಟು ಹತ್ತು ಮನೆ. ಹೊರಗಿಂದ ಬಂದೋರು ಗೇಟಲ್ಲಿ ನಿಂತು "ಇಂಥವ್ರ ಮನೆ ಯಾವ್ದು" ಅಂತ ಕೇಳ್ತಾರೆ, ಅಲ್ಲಿರೋರು ಯಾರೋ ಕೈ ತೋರಿಸ್ತಾರೆ. ಇದು ನಡಿಯೋದು ಬಂದೋರು ಹೆಸರು ಹೇಳಿದ್ರೆ ಮಾತ್ರ. ಮೈನ್‌ಕ್ರಾಫ್ಟ್ ಜಾವಾ ಎಡಿಶನ್ ನಿಜವಾಗ್ಲೂ ಹೆಸರು ಹೇಳತ್ತೆ! ಟಿಸಿಪಿ ಕನೆಕ್ಷನ್ ಆದ ತಕ್ಷಣ ಕ್ಲೈಂಟ್ ಕಳ್ಸೋ ಮೊದಲನೇ ಪ್ಯಾಕೆಟಿಗೆ ಹ್ಯಾಂಡ್‌ಶೇಕ್ ಅಂತಾರೆ, ಅದರಲ್ಲಿ ನಾಲ್ಕೇ ವಿಷಯ ಇರತ್ತೆ: ಪ್ರೋಟೋಕಾಲ್ ವರ್ಶನ್ ನಂಬರ್, ಸರ್ವರ್ ಅಡ್ರೆಸ್, ಪೋರ್ಟ್, ಮತ್ತೆ ಮುಂದೆ ಏನು ಬೇಕು ಅನ್ನೋದು, ಅಂದ್ರೆ 1 ಇದ್ರೆ ಬರೀ ಸ್ಟೇಟಸ್ ಕೇಳ್ತಿದಾನೆ, 2 ಇದ್ರೆ ಲಾಗಿನ್ ಆಗ್ತಿದಾನೆ. ಆ ಸರ್ವರ್ ಅಡ್ರೆಸ್ ಜಾಗದಲ್ಲಿ ಆಟಗಾರ ಟೈಪ್ ಮಾಡಿದ ಹೆಸರೇ ಬರತ್ತೆ. ಮಾಮೂಲಿ ಸರ್ವರ್ ಇದನ್ನ ಓದಿ ಸುಮ್ನೆ ಬಿಟ್ಬಿಡತ್ತೆ, ಅದಕ್ಕೆ ಬೇಕಾಗಿಲ್ಲ, ಆದ್ರೆ ಮಧ್ಯದಲ್ಲಿ ಒಬ್ಬ ಗೇಟ್ ಕಾಯೋನು ಕೂತಿದ್ರೆ ಅವನಿಗೆ ಇದೇ ಸಾಕು. ವೆಬ್‌ಸೈಟುಗಳಲ್ಲಿ ಹೋಸ್ಟ್ ಹೆಡರ್ ನೋಡಿ ಒಂದೇ ಐಪಿಯಲ್ಲಿ ನೂರು ಸೈಟ್ ನಡೆಸ್ತಾರಲ್ಲ, ಅದೇ ಕೆಲಸ. ಕುಬರ್ನೆಟಿಸ್ ಇಂಗ್ರೆಸ್ ಮಾತ್ರ ಇಲ್ಲಿ ಉಪಯೋಗಕ್ಕೆ ಬರಲ್ಲ, ಅದು ಎಚ್‌ಟಿಟಿಪಿಗೆ ಮಾಡಿರೋದು, ಮೈನ್‌ಕ್ರಾಫ್ಟ್ ಭಾಷೆ ಅದಕ್ಕೆ ಗೊತ್ತಿಲ್ಲ.

ಆ ಗೇಟ್ ಕಾಯೋ ಕೆಲಸಕ್ಕೆ ನಾನು ಹಾಕಿರೋದು ಎಂಸಿ-ರೂಟರ್. ಡಾಕರ್‌ನಲ್ಲಿ ಮೈನ್‌ಕ್ರಾಫ್ಟ್ ನಡೆಸೋರಲ್ಲಿ ತುಂಬಾ ಜನ ಬಳಸೋ, ಐಟಿಝಡ್‌ಜಿ ಅನ್ನೋ ಡೆವಲಪರ್ ಮಾಡಿರೋ ಮೈನ್‌ಕ್ರಾಫ್ಟ್-ಸರ್ವರ್ ಇಮೇಜ್ ಇದೆಯಲ್ಲ, ಅದೇ ಕೈಯಿಂದ ಬಂದಿರೋದು, ಗೋ ಭಾಷೇಲಿ ಬರ್ದಿರೋ ಚಿಕ್ಕ ಪ್ರೋಗ್ರಾಮ್, ಮೆಮೊರಿ ತಿನ್ನೋದು ತುಂಬಾ ಕಮ್ಮಿ. ಹ್ಯಾಂಡ್‌ಶೇಕ್ ಓದತ್ತೆ, ಹೆಸರು ನೋಡತ್ತೆ, ಆ ಹೆಸರಿನ ಸರ್ವರಿಗೆ ಕನೆಕ್ಷನ್ ಜೋಡಿಸತ್ತೆ, ಅಲ್ಲಿಂದಾಚೆಗೆ ಎರಡೂ ಕಡೆ ಬೈಟ್ಸ್ ದಾಟಿಸ್ತಾ ಇರತ್ತೆ. ಮಾಡ್ಸ್ ಓಡಿಸೋ ಫೋರ್ಜ್ ಹಾಕಿರೋ ಕ್ಲೈಂಟ್ ಆ ಹೆಸರಿನ ಕೊನೇಲಿ ತನ್ನದೊಂದು ಬಾಲ ಅಂಟಿಸಿ ಕಳ್ಸತ್ತೆ, ಅದನ್ನೂ ಕತ್ತರಿಸಿ ನೋಡೋವಷ್ಟು ಜಾಣತನ ಇದಕ್ಕಿದೆ.

"ಲ್ಯಾನ್‌ನಲ್ಲಿ ಗೇಮ್ ಓಪನ್ ಮಾಡಿದ್ರೆ ತಾನೇ ಕಾಣಿಸತ್ತಲ್ಲ, ಅದೇ ಇಲ್ಲೂ ಯಾಕಾಗಲ್ಲ" ಅಂತ ನನ್ನ ಒಬ್ಬ ಫ್ರೆಂಡ್ ಕೇಳಿದ್ದ, ಒಳ್ಳೇ ಪ್ರಶ್ನೆ. ಓಪನ್ ಟು ಲ್ಯಾನ್ ಒತ್ತಿದಾಗ ಆಟ ಪ್ರತಿ ಒಂದೂವರೆ ಸೆಕೆಂಡಿಗೆ ಒಂದ್ಸಲ 224.0.2.60 ಅನ್ನೋ ಮಲ್ಟಿಕಾಸ್ಟ್ ಅಡ್ರೆಸ್ಸಿಗೆ, ಪೋರ್ಟ್ 4445ಕ್ಕೆ, "ನಾನಿಲ್ಲಿದೀನಿ" ಅಂತ ಕೂಗ್ತಾ ಇರತ್ತೆ. ಆದ್ರೆ ಆ ಕೂಗು ಅದೇ ನೆಟ್‌ವರ್ಕಲ್ಲಿ ಇರೋರಿಗೆ ಮಾತ್ರ ಕೇಳ್ಸೋದು, ಪಾಡ್‌ಗಳ ನೆಟ್‌ವರ್ಕ್ ದಾಟಿ ಆಚೆ ಬರಲ್ಲ, ಅಲ್ಲದೆ ಡೆಡಿಕೇಟೆಡ್ ಸರ್ವರ್ ಹಾಗೆ ಕೂಗೋದೇ ಇಲ್ಲ. ಕ್ಲಸ್ಟರಲ್ಲಿ ಯಾರೂ ಕೂಗ್ಬೇಕಾಗಿಲ್ಲ, ಯಾರು ಎಲ್ಲಿದಾರೆ ಅನ್ನೋ ದಫ್ತರ ಆಗ್ಲೇ ಇದೆ, ಅದೇ ಕುಬರ್ನೆಟಿಸ್ ಎಪಿಐ. ಎಂಸಿ-ರೂಟರ್ ಆ ಎಪಿಐ ಹತ್ರ ಹೋಗಿ ಇರೋ ಸರ್ವೀಸ್‌ಗಳ (ಪಾಡ್‌ಗಳ ಮುಂದೆ ನಿಲ್ಲೋ ಬದಲಾಗದ ವಿಳಾಸ) ಪಟ್ಟಿ ಒಂದ್ಸಲ ಕೇಳತ್ತೆ, ಆಮೇಲೆ ವಾಚ್ ಅಂತ ಒಂದು ಕನೆಕ್ಷನ್ ತೆರೆದಿಟ್ಕೊಂಡು ಕೂರತ್ತೆ, ಹೊಸದು ಬಂದ್ರೆ ಹೋದ್ರೆ ಬದಲಾದ್ರೆ ಎಪಿಐ ಸರ್ವರೇ ತಿಳಿಸತ್ತೆ. ಐದು ನಿಮಿಷಕ್ಕೊಂದ್ಸಲ ಹೋಗಿ ಕೇಳೋ ಸ್ಕ್ರಿಪ್ಟ್ ಬೇಡ, ಕ್ರಾನ್ ಬೇಡ.

ಕ್ಲಸ್ಟರ್ ಮತ್ತು ಒಂದು ಸರ್ವರ್

ನಂದು ಕೆ3ಎಸ್ ಅನ್ನೋ ಹಗುರವಾದ ಕುಬರ್ನೆಟಿಸ್, ಒಂದು ಮಿನಿ ಪಿಸಿ, ಇನ್ನೊಂದು ಹಳೇ ಡೆಸ್ಕ್‌ಟಾಪ್. ಮನೆ ಕೆಲಸಕ್ಕೆ ಕೆ3ಎಸ್ ಸಾಕು, ಯಾಕಂದ್ರೆ ಲೋಡ್ ಬ್ಯಾಲೆನ್ಸರ್ ಕೆಲಸ ಮಾಡೋ ಸರ್ವೀಸ್‌ಎಲ್‌ಬಿ, ಡಿಸ್ಕ್ ಕೊಡೋ ಲೋಕಲ್-ಪಾತ್, ಹೆಸರು ಹುಡುಕೋ ಕೋರ್‌ಡಿಎನ್‌ಎಸ್, ಮೂರೂ ಅದರ ಜೊತೆಗೇ ಬರತ್ತೆ. ಸರ್ವೀಸ್‌ಎಲ್‌ಬಿ ಪೋರ್ಟನ್ನ ನೇರ ನೋಡ್ (ಕ್ಲಸ್ಟರಿನ ಮಷೀನ್) ಮೇಲೇ ತೆರೆಯತ್ತೆ, ಹಾಗಾಗಿ 25565 ಒಬ್ಬರಿಗೆ ಮಾತ್ರ ಸಿಗೋದು, ಎರಡನೇ ಲೋಡ್‌ಬ್ಯಾಲೆನ್ಸರ್ ಸರ್ವೀಸ್ ಅದೇ ಪೋರ್ಟ್ ಕೇಳಿದ್ರೆ ಪೆಂಡಿಂಗ್ ಅಂತ ಕೂತ್ಬಿಡತ್ತೆ. ಆ ಒಂದು ಜಾಗ ಎಂಸಿ-ರೂಟರಿಗೆ ಕೊಡಿ, ಮಿಕ್ಕ ಎಲ್ಲ ಸರ್ವರ್ ಒಳಗಡೆನೇ ಇರ್ಲಿ.

ಪ್ರತಿ ವರ್ಲ್ಡಿಗೂ ಒಂದು ಸ್ಟೇಟ್‌ಫುಲ್‌ಸೆಟ್ (ತನ್ನದೇ ಡಿಸ್ಕ್ ಇರೋ ಪಾಡ್ ನಡೆಸೋದು) ಮಾಡಿ, ಡಿಪ್ಲಾಯ್ಮೆಂಟ್ ಬೇಡ. ಎರಡು ಕಾರಣ, ಮೊದಲನೇದು, ವರ್ಲ್ಡ್ ಫೈಲಿಗೆ ಎರಡು ಪಾಡ್ ಒಟ್ಟಿಗೆ ಕೈ ಹಾಕೋ ಹಾಗಾಗ್ಬಾರ್ದು, ಇನ್ನೊಂದು ಮುಂದೆ ಹೇಳೋ ಎಬ್ಬಿಸೋ ಸೌಲಭ್ಯ ಸ್ಟೇಟ್‌ಫುಲ್‌ಸೆಟ್‌ಗೆ ಮಾತ್ರ ಕೆಲಸ ಮಾಡತ್ತೆ. ಇಮೇಜ್ ಐಟಿಝಡ್‌ಜಿ ಮೈನ್‌ಕ್ರಾಫ್ಟ್-ಸರ್ವರ್. ಎನ್ವಿರಾನ್ಮೆಂಟಲ್ಲಿ ಯೂಲಾ (ಮೈನ್‌ಕ್ರಾಫ್ಟ್ ಲೈಸೆನ್ಸಿಗೆ ಒಪ್ಪಿಗೆ) ಟ್ರೂ ಅಂತ ಹಾಕ್ಲೇಬೇಕು, ಇಲ್ಲಾಂದ್ರೆ ಸರ್ವರ್ ಶುರು ಆಗಲ್ಲ, ಟೈಪ್ ಪೇಪರ್ (ಮೈನ್‌ಕ್ರಾಫ್ಟ್ ಸರ್ವರಿನ ಒಂದು ಸುಧಾರಿಸಿದ ರೂಪ), ವರ್ಶನ್ ಯಾವ್ದು ಬೇಕೋ ಅದು, ಖಾಲಿ ಬಿಡ್ಬೇಡಿ, ಖಾಲಿ ಬಿಟ್ರೆ ಯಾವತ್ತೋ ರೀಸ್ಟಾರ್ಟ್ ಆದಾಗ ಹೊಸ ವರ್ಶನ್ ಇಳಿಸ್ಕೊಂಡು ಮಕ್ಕಳ ಕ್ಲೈಂಟ್ ಮ್ಯಾಚ್ ಆಗಲ್ಲ. ಮೆಮೊರಿ 2ಜಿ ಅಂತ ಕೊಟ್ರೆ ಅದು ಜಾವಾ ಹೀಪ್ ಮಾತ್ರ, ಅದರ ಹೊರಗೂ ಜೆವಿಎಂ ಮೆಮೊರಿ ತಗೊಳ್ಳತ್ತೆ, ಹಾಗಾಗಿ ಕಂಟೈನರ್ ಲಿಮಿಟ್ 3ಜಿ ಸುತ್ತ ಇಡಿ, ಎರಡೂ ಒಂದೇ ಸಂಖ್ಯೆ ಇಟ್ರೆ ಯಾರಾದ್ರೂ ದೂರ ದೂರ ಓಡಾಡೋಕೆ ಶುರು ಮಾಡಿದ ಕೂಡ್ಲೇ ಕರ್ನಲ್ ಬಂದು ಪಾಡನ್ನ ಕೊಂದು ಹಾಕತ್ತೆ. ವರ್ಲ್ಡ್ ಇರೋದು ಸ್ಲ್ಯಾಶ್ ಡೇಟಾ ಫೋಲ್ಡರಲ್ಲಿ, ಅದಕ್ಕೆ ವಾಲ್ಯೂಮ್ ಕ್ಲೇಮ್ ಟೆಂಪ್ಲೇಟ್ ಕೊಡಿ. ಲೋಕಲ್-ಪಾತ್ ಆದ್ರೆ ಡೇಟಾ ಒಂದೇ ನೋಡಿನ ಡಿಸ್ಕಲ್ಲಿ ಇರತ್ತೆ, ಆ ನೋಡ್ ಸತ್ರೆ ಪಾಡ್ ಬೇರೆ ಕಡೆ ಹೋಗಲ್ಲ, ಕಾಯ್ತಾ ಕೂರತ್ತೆ, ಬ್ಯಾಕಪ್ ಬೇರೆ ಮಷೀನಿಗೆ ಹೋಗ್ಲೇಬೇಕು.

ಪಾಡ್ ನಿಲ್ಲಿಸೋ ಟೈಮ್ ಬಗ್ಗೆ ಯಾರೂ ಯೋಚ್ನೆ ಮಾಡಲ್ಲ, ದಯವಿಟ್ಟು ಮಾಡಿ. ಕುಬರ್ನೆಟಿಸ್ ಸುಮ್ನೆ ಬಿಟ್ರೆ 30 ಸೆಕೆಂಡ್ ಕಾದು ಆಮೇಲೆ ಬಲವಂತವಾಗಿ ಕೊಲ್ಲತ್ತೆ. ಈ ಇಮೇಜ್ ಒಳಗಿನ ಪ್ರೋಗ್ರಾಮ್ ಮಾತ್ರ ಸ್ಟಾಪ್ ಕಮಾಂಡ್ ಕೊಟ್ಟು ವರ್ಲ್ಡ್ ಸೇವ್ ಆಗ್ಲಿ ಅಂತ 60 ಸೆಕೆಂಡ್ ತನಕ ಕಾಯತ್ತೆ. ಒಳಗಿರೋನು 60 ಸೆಕೆಂಡ್ ಕಾಯ್ತೀನಿ ಅಂತಾನೆ, ಹೊರಗಿರೋನು 30ಕ್ಕೇ ಬಾಗಿಲು ಮುಚ್ತಾನೆ. ಟರ್ಮಿನೇಶನ್ ಗ್ರೇಸ್ ಪೀರಿಯಡ್ 90 ಅಥವಾ 120 ಅಂತ ಹಾಕಿ.

ಹೆಲ್ತ್ ಚೆಕ್ ಇಮೇಜಲ್ಲೇ ಇದೆ, ಎಂಸಿ-ಹೆಲ್ತ್ ಅನ್ನೋ ಕಮಾಂಡ್, ಅದನ್ನ ರೆಡಿನೆಸ್ ಪ್ರೋಬಿಗೆ ಕೊಡಿ. ಸ್ಟಾರ್ಟಪ್ ಪ್ರೋಬ್ ಕೂಡ ಹಾಕಿ, ಸ್ವಲ್ಪ ಧಾರಾಳವಾಗಿ, ಮಾಡ್ಸ್ ಜಾಸ್ತಿ ಇರೋ ಸರ್ವರ್ ಎದ್ದೇಳೋಕೆ ಸುಮಾರು ಹೊತ್ತು ತಗೊಳ್ಳತ್ತೆ, ಅಷ್ಟರೊಳಗೆ ಲೈವ್‌ನೆಸ್ ಪ್ರೋಬ್ ಇದು ಸತ್ತೋಗಿದೆ ಅಂತ ಮತ್ತೆ ಮತ್ತೆ ಸಾಯಿಸ್ತಾ ಇದ್ರೆ ಅದು ಯಾವತ್ತೂ ಏಳಲ್ಲ.

ಆಮೇಲೆ ಸರ್ವೀಸ್. ಮಾಮೂಲಿ ಕ್ಲಸ್ಟರ್‌ಐಪಿ ಸರ್ವೀಸ್, ಪೋರ್ಟ್ 25565, ಪೋರ್ಟಿನ ಹೆಸರು ಮೈನ್‌ಕ್ರಾಫ್ಟ್. ಸ್ಟೇಟ್‌ಫುಲ್‌ಸೆಟ್ ಅಂದ ಕೂಡ್ಲೇ ಅಭ್ಯಾಸ ಬಲದಿಂದ ಹೆಡ್‌ಲೆಸ್ ಸರ್ವೀಸ್ ಮಾಡೋರು ಇದಾರೆ, ಇಲ್ಲಿ ಬೇಡ, ಎಂಸಿ-ರೂಟರ್ ದಾರಿ ತೋರ್ಸೋದು ಸರ್ವೀಸಿನ ಕ್ಲಸ್ಟರ್ ಐಪಿಗೆ, ಹೆಡ್‌ಲೆಸ್‌ನಲ್ಲಿ ಆ ಐಪಿನೇ ಇರಲ್ಲ. ದೂರದಿಂದ ಸರ್ವರಿಗೆ ಕಮಾಂಡ್ ಕೊಡೋ ಆರ್‌ಕಾನ್ ಪೋರ್ಟ್ 25575 ಯಾವ ಕಾರಣಕ್ಕೂ ಹೊರಗೆ ಬಿಡ್ಬೇಡಿ, ಆ ಪಾಸ್‌ವರ್ಡ್ ಸಿಕ್ಕಿದೋನಿಗೆ ಸರ್ವರ್ ಪೂರ್ತಿ ಸಿಕ್ಕಿದ ಹಾಗೆ.

ಇಲ್ಲಿ ಹುಡುಕಾಟ ಎರಡು ಹಂತದಲ್ಲಿ ನಡಿಯತ್ತೆ, ಇದು ತಲೇಲಿ ಕೂತ್ರೆ ಮುಂದೆ ತೊಂದ್ರೆ ಬಂದಾಗ ಎಲ್ಲಿ ನೋಡ್ಬೇಕು ಅಂತ ಗೊತ್ತಾಗತ್ತೆ. ಹೆಸರಿಂದ ಸರ್ವೀಸಿಗೆ ಹೋಗೋ ದಾರಿ ಎಂಸಿ-ರೂಟರ್‌ದು. ಸರ್ವೀಸಿಂದ ಪಾಡಿಗೆ ಹೋಗೋ ದಾರಿ ಕುಬರ್ನೆಟಿಸ್‌ದೇ, ಲೇಬಲ್ ನೋಡಿ, ರೆಡಿ ಆಗಿರೋ ಪಾಡಿನ ಐಪಿಯನ್ನ ಎಂಡ್‌ಪಾಯಿಂಟ್‌ಸ್ಲೈಸಲ್ಲಿ ಬರ್ಕೊಳ್ಳತ್ತೆ. ಪಾಡ್ ಸತ್ತು ಹೊಸ ಐಪಿ ಜೊತೆ ಹುಟ್ಟಿದ್ರೂ, ಇವತ್ತು 10.42.0.17 ನಾಳೆ 10.42.0.23 ಆದ್ರೂ, ಎಂಸಿ-ರೂಟರಿಗೆ ಅದರ ಸುದ್ದಿನೇ ಬೇಕಾಗಿಲ್ಲ.

ಎಂಸಿ-ರೂಟರ್ ಕೂರಿಸೋದು

ಒಂದು ಡಿಪ್ಲಾಯ್ಮೆಂಟ್, ಒಂದು ಲೋಡ್‌ಬ್ಯಾಲೆನ್ಸರ್ ಸರ್ವೀಸ್, ಒಂದು ಸರ್ವೀಸ್ ಅಕೌಂಟ್, ಅಷ್ಟಕ್ಕೆ ಬೇಕಾದ ಪರ್ಮಿಶನ್. ಆರ್ಗ್ಯುಮೆಂಟಲ್ಲಿ ಇನ್-ಕ್ಯೂಬ್-ಕ್ಲಸ್ಟರ್ ಅನ್ನೋ ಫ್ಲ್ಯಾಗ್ ಹಾಕಿ, ಅದನ್ನ ಕೊಟ್ಟಾಗ್ಲೇ ಅದು ಎಪಿಐ ಹತ್ರ ಹೋಗೋದು. ಎಪಿಐ ಬೈಂಡಿಂಗ್ ಅಂತ ಇನ್ನೊಂದಿದೆ, ಅದಕ್ಕೆ ಕೋಲನ್ 8080 ಕೊಟ್ಟಿಟ್ಕೊಳ್ಳಿ, ಯಾವ ಯಾವ ಹೆಸರು ಸಿಕ್ಕಿದೆ ಅಂತ ನೋಡೋಕೆ ಬೇಕು, ಆದ್ರೆ ಆ ಪೋರ್ಟನ್ನ ಲೋಡ್‌ಬ್ಯಾಲೆನ್ಸರ್ ಸರ್ವೀಸಿಗೆ ಸೇರಿಸ್ಬೇಡಿ, ಅದರ ಮೂಲಕ ದಾರಿ ಸೇರಿಸೋದು ಅಳಿಸೋದು ಎಲ್ಲ ಆಗತ್ತೆ.

ಪರ್ಮಿಶನ್ ವಿಷಯ ಹೇಳ್ತೀನಿ, ಇಲ್ಲೇ ಸುಮಾರು ಜನ ಬೇಸತ್ತು ಕ್ಲಸ್ಟರ್ ಅಡ್ಮಿನ್ ಕೊಟ್ಬಿಡ್ತಾರೆ, ಖಂಡಿತಾ ಮಾಡ್ಬೇಡಿ. ಇಂಟರ್ನೆಟ್ ಕಡೆ ಮುಖ ಮಾಡಿ ಕೂತಿರೋ ಪಾಡಿನ ಕೈಗೆ ಮನೆ ಬೀಗದ ಕೈ ಗೊಂಚಲು ಕೊಟ್ಟ ಹಾಗೆ. ಅದಕ್ಕೆ ಬೇಕಾಗಿರೋದು ಸರ್ವೀಸಸ್ ಮೇಲೆ ಲಿಸ್ಟ್ ಮತ್ತು ವಾಚ್, ಅಷ್ಟೇ. ಮಲಗಿರೋ ಸರ್ವರ್ ಎಬ್ಬಿಸ್ಬೇಕು ಅಂದ್ರೆ ಮಾತ್ರ ಆಪ್ಸ್ ಗ್ರೂಪಿನ ಸ್ಟೇಟ್‌ಫುಲ್‌ಸೆಟ್ಸ್ ಮತ್ತು ಅದರ ಸ್ಕೇಲ್ ಮೇಲೆ ಲಿಸ್ಟ್, ವಾಚ್, ಗೆಟ್, ಅಪ್‌ಡೇಟ್, ಪ್ಯಾಚ್ ಸೇರಿಸಿ. ಸುಮ್ನೆ ಬಿಟ್ರೆ ಅದು ಎಲ್ಲಾ ನೇಮ್‌ಸ್ಪೇಸ್ (ಕ್ಲಸ್ಟರ್ ಒಳಗಿನ ವಿಭಾಗ) ನೋಡತ್ತೆ, ಹಾಗಾಗಿ ಕ್ಲಸ್ಟರ್‌ರೋಲ್ ಮತ್ತು ಕ್ಲಸ್ಟರ್‌ರೋಲ್‌ಬೈಂಡಿಂಗ್ ಬೇಕು, ಒಂದೇ ನೇಮ್‌ಸ್ಪೇಸ್ ಸಾಕು ಅಂತ ಹೇಳಿ ಕೂರಿಸಿದ್ರೆ ಬರೀ ರೋಲ್ ಸಾಕು. ಕೊಟ್ಟಿದ್ದು ಸರಿ ಇದೆಯಾ ಅಂತ ಊಹೆ ಮಾಡ್ಬೇಡಿ, ಕ್ಯೂಬ್‌ಸಿಟಿಎಲ್ ಆತ್ ಕ್ಯಾನ್-ಐ ವಾಚ್ ಸರ್ವೀಸಸ್ ಅಂತ, ಆಸ್ ಆಪ್ಶನಲ್ಲಿ ಆ ಸರ್ವೀಸ್ ಅಕೌಂಟಿನ ಪೂರ್ತಿ ಹೆಸರು ಕೊಟ್ಟು, ಆಲ್-ನೇಮ್‌ಸ್ಪೇಸಸ್ ಸೇರಿಸಿ ಕೇಳಿ, ಎಸ್ ಅಥವಾ ನೋ ಅಂತ ನೇರ ಉತ್ತರ ಬರತ್ತೆ.

ಹೆಸರಿನ ಬೋರ್ಡ್

ಈಗ ಮುಖ್ಯ ಕೆಲಸ, ಒಂದೇ ಒಂದು ಸಾಲು. ವಠಾರದಲ್ಲಿ ಹೊಸದಾಗಿ ಬಾಡಿಗೆಗೆ ಬಂದೋರು ಬಾಗಿಲ ಮೇಲೆ ಹೆಸರಿನ ಬೋರ್ಡ್ ಹಾಕಿದ ಹಾಗೆ, ಪ್ರತಿ ಮೈನ್‌ಕ್ರಾಫ್ಟ್ ಸರ್ವೀಸಿನ ಮೇಲೂ ಒಂದು ಅನೋಟೇಶನ್ ಹಾಕ್ಬೇಕು. ಕೀ ಎರಡು ಭಾಗ, ಸ್ಲ್ಯಾಶಿಗೆ ಮುಂಚೆ ಎಂಸಿ-ರೂಟರ್ ಡಾಟ್ ಐಟಿಝಡ್‌ಜಿ ಡಾಟ್ ಎಂಇ, ಸ್ಲ್ಯಾಶ್ ಆದ್ಮೇಲೆ ಎಕ್ಸ್‌ಟರ್ನಲ್ ಸರ್ವರ್ ನೇಮ್, ಮೂರೂ ಪದ ಅಂಟಿಸಿ, ಮೊದಲನೇ ಪದ ಪೂರ್ತಿ ಸಣ್ಣಕ್ಷರ, ಮಿಕ್ಕೆರಡು ಪದಕ್ಕೆ ಮೊದಲ ಅಕ್ಷರ ದೊಡ್ಡದು. ವ್ಯಾಲ್ಯೂ ಅಂದ್ರೆ ಆಟಗಾರರು ಟೈಪ್ ಮಾಡೋ ಹೆಸರು, ಉದಾಹರಣೆಗೆ ಸರ್ವೈವಲ್ ಡಾಟ್ ಎಕ್ಸಾಂಪಲ್ ಡಾಟ್ ಕಾಮ್. ಒಂದೇ ಸರ್ವರಿಗೆ ಎರಡು ಹೆಸರು ಬೇಕಂದ್ರೆ ಕಾಮಾ ಹಾಕಿ ಬರೀಬಹುದು. ಲೇಬಲ್ ಯಾಕಲ್ಲ ಅಂದ್ರೆ ಲೇಬಲ್ ವ್ಯಾಲ್ಯೂಗೆ 63 ಅಕ್ಷರ ಮಿತಿ, ಕಾಮಾ ಹಾಕೋ ಹಾಗಿಲ್ಲ, ಲೇಬಲ್ ಇರೋದೇ ಆರಿಸೋಕೆ, ಅನೋಟೇಶನ್ ಇರೋದು ವಿಷಯ ಬರ್ದಿಡೋಕೆ.

ಇದನ್ನ ಸರ್ವೀಸ್ ಮೇಲೇ ಹಾಕ್ಬೇಕು. ಸ್ಟೇಟ್‌ಫುಲ್‌ಸೆಟ್ ಮೇಲಲ್ಲ, ಪಾಡ್ ಟೆಂಪ್ಲೇಟ್ ಒಳಗಲ್ಲ. ನಾನು ಮೊದಲನೇ ಸಲ ಪಾಡ್ ಟೆಂಪ್ಲೇಟಿನ ಮೆಟಾಡೇಟಾದಲ್ಲಿ ಹಾಕಿ ರಾತ್ರಿ ಒಂದೂವರೆ ತನಕ ಹುಡುಕಿದೀನಿ, ಪರ್ಮಿಶನ್ ಸರಿ, ನೆಟ್‌ವರ್ಕ್ ಸರಿ, ಡಿಎನ್‌ಎಸ್ ಸರಿ, ಲಾಗಲ್ಲಿ ಒಂದು ಎರರ್ ಇಲ್ಲ. ಎರರ್ ಹೇಗೆ ಬರತ್ತೆ ಹೇಳಿ, ಕುಬರ್ನೆಟಿಸ್‌ಗೆ ಅನೋಟೇಶನ್ ಅಂದ್ರೆ ಬರೀ ಅಕ್ಷರ, ಅದು ಎಲ್ಲಿದ್ರೂ ಒಪ್ಕೊಳ್ಳತ್ತೆ, ಎಂಸಿ-ರೂಟರ್ ನೋಡೋದು ಸರ್ವೀಸ್ ಮಾತ್ರ, ಅಲ್ಲಿ ಬೋರ್ಡ್ ಇಲ್ಲ ಅಂದ್ರೆ ಅದಕ್ಕೆ ಆ ಮನೇನೇ ಇಲ್ಲ. ಒಂದು ದೊಡ್ಡಕ್ಷರ ಸಣ್ಣದಾದ್ರೂ ಇದೇ ಗತಿ. ಕಾಪಿ ಮಾಡ್ಕೊಳ್ಳಿ ಅಂತ ಮೊದಲೇ ಹೇಳಿದ್ದು ಇದಕ್ಕೇನೇ.

ಡಿಫಾಲ್ಟ್ ಸರ್ವರ್ ಅಂತ ಇನ್ನೊಂದು ಅನೋಟೇಶನ್ ಇದೆ, ಯಾವ ಹೆಸರಿಗೂ ಹೊಂದದೇ ಇರೋರು ಅಲ್ಲಿಗೆ ಹೋಗ್ತಾರೆ. ನನ್ನ ಅಭಿಪ್ರಾಯ ಕೇಳಿದ್ರೆ ಅದನ್ನ ಹಾಕ್ಬೇಡಿ. ಇಂಟರ್ನೆಟ್ ತುಂಬಾ 25565 ತಟ್ಟಿ ನೋಡೋ ಬಾಟ್‌ಗಳು ಓಡಾಡ್ತಾ ಇರ್ತವೆ, ಅವು ಬರೋದು ಬರೀ ಐಪಿ ನಂಬರ್ ಹಿಡ್ಕೊಂಡು, ಹೆಸರು ಅವಕ್ಕೆ ಗೊತ್ತಿರಲ್ಲ. ಡಿಫಾಲ್ಟ್ ಇಲ್ಲ ಅಂದ್ರೆ ಗೇಟಲ್ಲೇ ವಾಪಸ್. ಹಾಗಂತ ಹೆಸರೇ ಬೀಗ ಅಂದ್ಕೋಬೇಡಿ, ಹೆಸರು ಗೊತ್ತಿರೋ ಯಾರು ಬೇಕಾದ್ರೂ ಬರಬಹುದು, ವೈಟ್‌ಲಿಸ್ಟ್ ಪ್ರತಿ ಸರ್ವರಲ್ಲೂ ಆನ್ ಇರ್ಲೇಬೇಕು, ಮಕ್ಕಳು ಆಡೋ ಜಾಗ.

ಡಿಎನ್‌ಎಸ್‌ಗೆ ಒಂದೇ ಎಂಟ್ರಿ ಸಾಕು, ಸ್ಟಾರ್ ಡಾಟ್ ನಿಮ್ಮ ಡೊಮೇನ್ ಅಂತ ವೈಲ್ಡ್‌ಕಾರ್ಡ್ ಎ ರೆಕಾರ್ಡ್, ಅದು ನಿಮ್ಮ ಪಬ್ಲಿಕ್ ಐಪಿ ಕಡೆ ತೋರ್ಸಿದ್ರೆ ಆಯ್ತು, ಹೊಸ ಸರ್ವರಿಗೆ ಡಿಎನ್‌ಎಸ್ ಕಡೆ ತಲೆ ಹಾಕೋದೇ ಬೇಡ. ಪ್ರತಿ ಹೆಸರಿಗೂ ಬೇರೆ ರೆಕಾರ್ಡೇ ಬೇಕು ಅಂದ್ರೆ ಎಕ್ಸ್‌ಟರ್ನಲ್-ಡಿಎನ್‌ಎಸ್ ಅನ್ನೋದು ಅದನ್ನೂ ಅನೋಟೇಶನ್ ನೋಡೇ ಮಾಡತ್ತೆ, ಮನೆಗೆ ಅಷ್ಟು ಬೇಕಾಗಲ್ಲ. ಡೊಮೇನ್ ತಗೊಳ್ಳೋ ಮುಂಚೆ ಟ್ರೈ ಮಾಡೋಕೆ ನಿಪ್ ಡಾಟ್ ಐಒ ಇದೆ, ಸರ್ವೈವಲ್ ಡಾಟ್ 192.168.1.10 ಡಾಟ್ ನಿಪ್ ಡಾಟ್ ಐಒ ಅಂತ ಹಾಕಿದ್ರೆ ಅದು ಆ ಐಪಿಯನ್ನೇ ತಿರುಗಿಸಿ ಕೊಡತ್ತೆ. ಇನ್ನು ನಮ್ಮಲ್ಲಿ ತುಂಬಾ ಜನರಿಗೆ ಬರೋ ತೊಂದ್ರೆ, ಬ್ರಾಡ್‌ಬ್ಯಾಂಡ್ ಕಂಪನಿಯವ್ರು ಸಿಜಿನ್ಯಾಟ್ ಹಿಂದೆ ಇಟ್ಟಿರ್ತಾರೆ, ಅಂದ್ರೆ ಒಂದೇ ಪಬ್ಲಿಕ್ ಐಪಿನ ತುಂಬಾ ಮನೆಗಳಿಗೆ ಹಂಚಿರ್ತಾರೆ, ವೈಫೈ ರೂಟರಿನ ವ್ಯಾನ್ ಐಪಿ 100.64 ಇಂದ 100.127 ಒಳಗೆ ಇದ್ರೆ ನೀವು ಅದರಲ್ಲೇ ಇದೀರ, ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದ್ರೂ ಪ್ರಯೋಜನ ಇಲ್ಲ. ಸ್ಟ್ಯಾಟಿಕ್ ಐಪಿ ಕೇಳಿ, ಇಲ್ಲಾಂದ್ರೆ ಚಿಕ್ಕ ವಿಪಿಎಸ್ (ಬಾಡಿಗೆ ಸರ್ವರ್) ಒಂದು ತಗೊಂಡು ಅಲ್ಲಿಂದ ಮನೆಗೆ ವೈರ್‌ಗಾರ್ಡ್ ಟನಲ್ ಎಳೀರಿ, ನಾನು ಎರಡನೇದು ಮಾಡಿರೋದು, ಸ್ವಲ್ಪ ಪಿಂಗ್ ಜಾಸ್ತಿ ಆಗತ್ತೆ ಆದ್ರೆ ಆಡೋಕೆ ತೊಂದ್ರೆ ಇಲ್ಲ.

ಸರಿ ಇದೆಯಾ ಅಂತ ನೋಡೋದು

ಎಂಸಿ-ರೂಟರಿನ 8080ಕ್ಕೆ ಪೋರ್ಟ್-ಫಾರ್ವರ್ಡ್ ಮಾಡಿ ಸ್ಲ್ಯಾಶ್ ರೂಟ್ಸ್ ಕೇಳಿ, ಜೇಸನ್ ಬೇಕು ಅಂತ ಆಕ್ಸೆಪ್ಟ್ ಹೆಡರ್ ಕೊಡಿ, ಹೆಸರು ಮತ್ತು ಅದರ ಮುಂದೆ ಐಪಿ ಪೋರ್ಟ್ ಬರತ್ತೆ. ಕೆ3ಎಸ್‌ನಲ್ಲಿ ಆ ಐಪಿ 10.43 ಇಂದ ಶುರುವಾಗತ್ತೆ, ಅದು ಸರ್ವೀಸ್‌ಗಳ ಬೀದಿ, 10.42 ಪಾಡ್‌ಗಳ ಬೀದಿ. ಹೆಸರು ಅಲ್ಲಿ ಇಲ್ಲ ಅಂದ್ರೆ ಅನೋಟೇಶನ್ ಅಥವಾ ಪರ್ಮಿಶನ್ ತಪ್ಪು. ಹೆಸರು ಇದೆ ಆದ್ರೂ ಕನೆಕ್ಟ್ ಆಗ್ತಿಲ್ಲ ಅಂದ್ರೆ ಎಂಸಿ-ರೂಟರ್ ಬಿಟ್ಬಿಡಿ, ಆ ಸರ್ವೀಸಿನ ಎಂಡ್‌ಪಾಯಿಂಟ್‌ಸ್ಲೈಸ್ ನೋಡಿ, ಖಾಲಿ ಇದ್ರೆ ಪಾಡ್ ರೆಡಿ ಆಗಿಲ್ಲ ಅಥವಾ ಸೆಲೆಕ್ಟರ್ ಲೇಬಲ್ ಹೊಂದ್ತಿಲ್ಲ. ಕ್ಲೈಂಟ್ ಕನೆಕ್ಟ್ ಆಗೋಕೇ ಹೋಗ್ತಿಲ್ಲ, ಎಂಸಿ-ರೂಟರ್ ಲಾಗಲ್ಲಿ ಅದರ ಸುಳಿವೇ ಇಲ್ಲ ಅಂದ್ರೆ ಡಿಎನ್‌ಎಸ್ ಅಥವಾ ಪೋರ್ಟ್ ಫಾರ್ವರ್ಡ್.

ಇನ್ನೊಂದು ತಪ್ಪು ಹೇಳ್ತೀನಿ, ಇದರಿಂದ ಮನೇಲಿ ಅಳು ಆಗಿದೆ. ಹೊಸ ಸರ್ವರ್ ಮಾಡುವಾಗ ಹಳೇ ಯಾಮಲ್ ಕಾಪಿ ಮಾಡಿ ಸರ್ವೀಸಿನ ಹೆಸರು ಬದಲಾಯಿಸಿದೆ, ಅನೋಟೇಶನ್ ಒಳಗಿನ ಹೆಸರು ಬದಲಾಯಿಸೋದು ಮರೆತೆ. ಎರಡು ಸರ್ವೀಸ್ ಒಂದೇ ಹೆಸರು ಹೇಳ್ಕೊಂಡ್ರೆ ಎಂಸಿ-ರೂಟರ್ ಜಗಳ ಮಾಡಲ್ಲ, ಆಮೇಲೆ ಬಂದೋರಿಗೆ ಕೊಡತ್ತೆ. ಅಕ್ಕನ ಮಗ ಶಾಲೆ ಮುಗಿಸಿ ಬಂದು ಸರ್ವೈವಲ್‌ಗೆ ಹೋದ್ರೆ ಅಲ್ಲಿ ಹೊಚ್ಚ ಹೊಸ ಖಾಲಿ ವರ್ಲ್ಡ್, ನಾಲ್ಕು ತಿಂಗಳಿಂದ ಕಟ್ಟಿದ ಮನೆ ಇಲ್ಲ, ಕುದುರೆ ಇಲ್ಲ, ಕೋಳಿ ಫಾರ್ಮ್ ಇಲ್ಲ. ಫೋನ್ ಮಾಡಿ "ಮಾಮಾ ನನ್ನ ಮನೆ ಹೋಯ್ತು" ಅಂತ ಅಳ್ತಿದ್ದ. ಡೇಟಾ ಎಲ್ಲ ಅಲ್ಲೇ ಭದ್ರವಾಗಿತ್ತು, ಬೋರ್ಡ್ ಮಾತ್ರ ತಪ್ಪು ಮನೆ ಮೇಲೆ. ಗಾಬರೀಲಿ ಹೊಸ ಸರ್ವೀಸ್ ಡಿಲೀಟ್ ಮಾಡಿದೆ, ಆವಾಗ ಆ ಹೆಸರಿನ ದಾರಿನೇ ಅಳಿಸಿ ಹೋಯ್ತು, ಹಳೇದು ತಾನಾಗೇ ವಾಪಸ್ ಬರಲಿಲ್ಲ, ಎಂಸಿ-ರೂಟರ್ ರೀಸ್ಟಾರ್ಟ್ ಮಾಡಿದ್ಮೇಲೆ ಸರಿ ಆಯ್ತು. ಈಗ ಅಪ್ಲೈ ಮಾಡೋ ಮುಂಚೆ ಎಲ್ಲಾ ಯಾಮಲ್ ಫೈಲ್‌ಗಳಲ್ಲಿ ಆ ಹೆಸರು ಗ್ರೆಪ್ ಮಾಡಿ ಒಂದೇ ಸಲ ಬಂದಿದೆಯಾ ಅಂತ ನೋಡ್ತೀನಿ, ನೀವೂ ನೋಡಿ.

ರೀಸ್ಟಾರ್ಟ್ ಅಂದ್ಮೇಲೆ ನೆನಪಾಯ್ತು, ಎಂಸಿ-ರೂಟರ್ ದಾರಿ ತೋರಿಸಿ ಪಕ್ಕಕ್ಕೆ ಸರಿಯಲ್ಲ, ಆಟದ ಪ್ರತಿ ಬೈಟೂ ಅದರ ಮೂಲಕವೇ ಹೋಗೋದು. ಅದನ್ನ ರೀಸ್ಟಾರ್ಟ್ ಮಾಡಿದ್ರೆ ಎಲ್ಲಾ ಸರ್ವರಿನ ಎಲ್ಲಾ ಆಟಗಾರರೂ ಒಟ್ಟಿಗೆ ಆಚೆ ಬೀಳ್ತಾರೆ, ಹಾಗಾಗಿ ಅಪ್‌ಡೇಟ್ ಎಲ್ಲ ಮಕ್ಕಳು ಮಲಗಿದ್ಮೇಲೆ.

ಇದೇ ಕಾರಣಕ್ಕೆ ಸರ್ವರಿಗೆ ಎಲ್ಲರೂ ಒಂದೇ ಐಪಿಯಿಂದ ಬಂದ ಹಾಗೆ ಕಾಣತ್ತೆ, ಎಂಸಿ-ರೂಟರ್ ಪಾಡಿನ ಐಪಿ. ಯಾರೋ ಕಾಟ ಕೊಟ್ಟ ಅಂತ ಬ್ಯಾನ್-ಐಪಿ ಹೊಡೆದ್ರೆ ನೀವೂ ಸೇರಿ ಎಲ್ಲರೂ ಬ್ಯಾನ್. ಇದಕ್ಕೆ ಪ್ರಾಕ್ಸಿ ಪ್ರೋಟೋಕಾಲ್ ಇದೆ, ಆಟಗಾರನ ನಿಜವಾದ ಐಪಿಯನ್ನ ಕನೆಕ್ಷನ್ ಶುರುವಲ್ಲಿ ಒಂದು ಹೆಡರಲ್ಲಿ ಬರ್ದು ಕಳ್ಸತ್ತೆ, ಎಂಸಿ-ರೂಟರಲ್ಲಿ ಯೂಸ್ ಪ್ರಾಕ್ಸಿ ಪ್ರೋಟೋಕಾಲ್ ಆನ್ ಮಾಡಿ, ಪೇಪರಿನ ಪೇಪರ್-ಗ್ಲೋಬಲ್ ಯಾಮಲ್ ಫೈಲಲ್ಲಿ ಪ್ರಾಕ್ಸೀಸ್ ಕೆಳಗೆ ಪ್ರಾಕ್ಸಿ-ಪ್ರೋಟೋಕಾಲ್ ಟ್ರೂ ಮಾಡಿ. ಆದ್ರೆ ಎಂಸಿ-ರೂಟರ್ ಕಡೆ ಆನ್ ಮಾಡಿದ್ದು ಎಲ್ಲಾ ಸರ್ವರಿಗೂ ಅನ್ವಯ ಆಗತ್ತೆ, ಮೊಜಾಂಗ್‌ನ ಸಾದಾ ಸರ್ವರಿಗೆ ಆ ಹೆಡರ್ ಅರ್ಥ ಆಗಲ್ಲ, ಅದು ಕನೆಕ್ಷನ್ ಮುರಿಯತ್ತೆ. ಪೇಪರ್ ಕೂಡ ಒಮ್ಮೆ ಆನ್ ಆದ್ಮೇಲೆ ಹೆಡರ್ ಇಲ್ಲದೆ ಬಂದೋರನ್ನ ಒಳಗೆ ಬಿಡಲ್ಲ, ಹೆಲ್ತ್ ಚೆಕ್ ಹೆಡರ್ ಇಲ್ಲದೆ ಬಂದ್ರೆ ಅದೂ ಫೇಲ್, ಪಾಡ್ ರೆಡಿ ಆಗಲ್ಲ. ಎಲ್ಲಾ ಪೇಪರ್ ಆಗಿದ್ರೆ ಮಾತ್ರ ಕೈ ಹಾಕಿ. ಜೊತೆಗೆ ಎಂಸಿ-ರೂಟರಿನ ಲೋಡ್‌ಬ್ಯಾಲೆನ್ಸರ್ ಸರ್ವೀಸಲ್ಲಿ ಎಕ್ಸ್‌ಟರ್ನಲ್ ಟ್ರಾಫಿಕ್ ಪಾಲಿಸಿ ಲೋಕಲ್ ಅಂತ ಇಡಿ, ಇಲ್ಲಾಂದ್ರೆ ಎಂಸಿ-ರೂಟರಿಗೇ ನಿಜವಾದ ಐಪಿ ಬಂದಿರಲ್ಲ.

ಮಲಗಿರೋ ಸರ್ವರ್ ಎಬ್ಬಿಸೋದು ಅಂದೆನಲ್ಲ, ಆಟೋ-ಸ್ಕೇಲ್-ಅಪ್ ಫ್ಲ್ಯಾಗ್ ಹಾಕಿದ್ರೆ, ರೆಪ್ಲಿಕಾ 0 ಇರೋ ಸ್ಟೇಟ್‌ಫುಲ್‌ಸೆಟ್ ಹೆಸರು ಹೇಳ್ಕೊಂಡು ಯಾರಾದ್ರೂ ಬಂದಾಗ ಎಂಸಿ-ರೂಟರ್ ಅದನ್ನ 1 ಮಾಡತ್ತೆ. ಸ್ಟೇಟ್‌ಫುಲ್‌ಸೆಟ್‌ನಲ್ಲಿ ಸರ್ವೀಸ್‌ನೇಮ್ ಅಂತ ಬರ್ದಿರೋದು ಆ ಸರ್ವೀಸಿನ ಹೆಸರೇ ಆಗಿರ್ಬೇಕು, ಎರಡನ್ನೂ ಅದು ಜೋಡಿಸೋದು ಅದರಿಂದಾನೇ. 16ಜಿಬಿ ಮಷೀನಲ್ಲಿ ಆರು ಸರ್ವರ್ ಇಟ್ಕೊಂಡು ಯಾವತ್ತೂ ಎರಡಕ್ಕಿಂತ ಜಾಸ್ತಿ ಓಡದೇ ಇರೋರಿಗೆ ಇದು ತುಂಬಾ ಉಪಯೋಗ, ಮೊದಲು ಬಂದೋನು ಒಂದೆರಡು ನಿಮಿಷ ಕಾಯ್ಬೇಕು ಅಷ್ಟೇ.

ಎಲ್ಲಿ ಇದು ನಡಿಯಲ್ಲ ಅಂತಾನೂ ಗೊತ್ತಿರ್ಲಿ. ಫೋನಲ್ಲಿ ಆಡೋ ಬೆಡ್‌ರಾಕ್ ಎಡಿಶನ್ ಯುಡಿಪಿ, ಪೋರ್ಟ್ 19132, ಅದರ ಮೊದಲ ಪ್ಯಾಕೆಟಲ್ಲಿ ಹೆಸರೇ ಇರಲ್ಲ, ಗೇಟಲ್ಲಿ ಬಂದು ಮಾತಾಡದೇ ನಿಂತೋರನ್ನ ಎಲ್ಲಿಗೆ ಕಳ್ಸೋದು, ಅಲ್ಲಿ ಸರ್ವರಿಗೊಂದು ಪೋರ್ಟೇ ಗತಿ. ಆಟ ಆಡ್ತಾ ಆಡ್ತಾ ಒಂದು ವರ್ಲ್ಡಿಂದ ಇನ್ನೊಂದಕ್ಕೆ ಹಾರ್ಬೇಕು ಅಂದ್ರೆ ವೆಲಾಸಿಟಿ ಥರದ ಪ್ರಾಕ್ಸಿ ಬೇಕು, ಎಂಸಿ-ರೂಟರ್ ಬಾಗಿಲ ತನಕ ಮಾತ್ರ. ಇನ್ನು ಹತ್ತು ನಿಮಿಷದ ಮ್ಯಾಚ್ ಆಡಿ ಮುಗಿಸೋ ಶೂಟಿಂಗ್ ಆಟಗಳಿಗೆ ಇಡೀ ಲೆಕ್ಕವೇ ಬೇರೆ, ಅಲ್ಲಿ ಸರ್ವರಿಗೆ ಹೆಸರೇ ಬೇಕಾಗಿಲ್ಲ, ಯಾವುದೋ ಒಂದು ಖಾಲಿ ಸರ್ವರ್ ಸಿಕ್ರೆ ಸಾಕು. ಗೂಗಲ್ ಮತ್ತು ಯೂಬಿಸಾಫ್ಟ್ 2018ರಲ್ಲಿ ಓಪನ್ ಸೋರ್ಸ್ ಮಾಡಿದ ಅಗೋನ್ಸ್ ಅದಕ್ಕೇ ಇರೋದು, ರೆಡಿ ಇರೋ ಗೇಮ್‌ಸರ್ವರ್‌ಗಳ ಗುಂಪಿಂದ ಒಂದನ್ನ ಅಲೋಕೇಟ್ ಮಾಡಿ, ಅದರ ನೋಡ್ ಐಪಿ ಮತ್ತು 7000 ಇಂದ 8000 ಒಳಗಿನ ಒಂದು ಪೋರ್ಟ್ ಕೊಡತ್ತೆ, ಮ್ಯಾಚ್‌ಮೇಕರ್ ಅದನ್ನ ಆಟಗಾರನಿಗೆ ಮುಟ್ಟಿಸತ್ತೆ. ಉಳಿದು ಬೆಳೆಯೋ ವರ್ಲ್ಡ್‌ಗಳಿಗೆ ಅದು ಹೊಂದಲ್ಲ.

ಕೊನೇದಾಗಿ ಸರ್ವರ್ ತೆಗೆಯೋದು. ಸರ್ವೀಸ್ ಡಿಲೀಟ್ ಮಾಡಿದ ಕ್ಷಣ ದಾರಿ ತಾನಾಗೇ ಹೋಗತ್ತೆ, ಎಲ್ಲೂ ಏನೂ ಅಳಿಸೋದು ಬೇಡ. ಸ್ಟೇಟ್‌ಫುಲ್‌ಸೆಟ್ ಡಿಲೀಟ್ ಮಾಡಿದ್ರೂ ಅದರ ಪಿವಿಸಿ, ಅಂದ್ರೆ ಡಿಸ್ಕ್ ಜಾಗ ಹಿಡಿದಿರೋ ವಾಲ್ಯೂಮ್ ಕ್ಲೇಮ್, ಹಾಗೇ ಉಳಿಯತ್ತೆ, ವರ್ಲ್ಡ್ ಅದರಲ್ಲೇ ಇರತ್ತೆ, ಮುಂದಿನ ಬೇಸಿಗೆ ರಜೇಲಿ ಅದೇ ಹೆಸರಲ್ಲಿ ಮತ್ತೆ ಅಪ್ಲೈ ಮಾಡಿದ್ರೆ ಬಿಟ್ಟ ಕಡೆಯಿಂದ ಶುರು. ಪಿವಿಸಿ ಡಿಲೀಟ್ ಮಾಡಿದ್ರೆ ಮಾತ್ರ ಲೋಕಲ್-ಪಾತ್ ಡಿಸ್ಕಿಂದಾನೂ ಅಳಿಸಿ ಹಾಕತ್ತೆ, ಹಾಗಾಗಿ ಆ ಕಮಾಂಡ್ ಹೊಡೆಯೋ ಮುಂಚೆ ಅದರಲ್ಲಿ ಮನೆ ಕಟ್ಟಿದ ಮಕ್ಕಳನ್ನ ಒಂದ್ಸಲ ಕೇಳಿ.